ಶರಪಂಜರದ ಕಾವೇರಿ ನಮ್ಮ ಮನೆಗೆ ಬಂದರೆ?

ಎರಡು ಗಾದೆಗಳಿಂದ ಆರಂಭಿಸೋಣ. ಎರಡೂ ನಿಮಗೆ ಗೊತ್ತಿರುವಂಥವೇ. ಒಂದು, "ಕುಂಟನಿಗೆ ಎಂಟು ಚೇಷ್ಟೆ." ಇನ್ನೊಂದು, "ಹುಚ್ಚು ಬಿಡುವ ತನಕ ಮದುವೆಯಾಗದು, ಮದುವೆಯಾಗುವ ತನಕ ಹುಚ್ಚು ಬಿಡದು."

ಎರಡನೆಯ ಗಾದೆಯನ್ನು ಕೇಳಿದಾಗಲೆಲ್ಲ ನನ್ನಂಥ ಸಾಫ್ಟ್‌ವೇರ್ ಮಂದಿಗೆ ನಗು ಬರುತ್ತದೆ. ಕಂಪ್ಯೂಟರ್ ವಿಜ್ಞಾನದಲ್ಲಿ 'ಡೆಡ್‌ಲಾಕ್' ಎನ್ನುವ ಸ್ಥಿತಿಯೊಂದಿದೆ. ಎರಡು ಕೆಲಸಗಳು ಒಂದಕ್ಕೊಂದು ಕಾಯುತ್ತ ಕೂತು ಎರಡೂ ನಿಂತುಹೋಗುವ ಸ್ಥಿತಿ ಅದು. ಅದಕ್ಕೆ ಈ ಗಾದೆಗಿಂತ ಒಳ್ಳೆಯ ಉದಾಹರಣೆ ಯಾವ ಪಠ್ಯಪುಸ್ತಕದಲ್ಲೂ ಸಿಗದು. ಆದರೆ ನಗು ನಿಂತ ಮೇಲೆ ಸ್ವಲ್ಪ ಯೋಚಿಸಿ. ಮೊದಲ ಗಾದೆ ಕಾಲಿನ ಊನವನ್ನು ಗುಣದ ಊನವನ್ನಾಗಿ ಮಾಡಿಬಿಡುತ್ತದೆ. ಎರಡನೆಯದರ ಬೆನ್ನಿಗೆ "ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತೆ" ಎಂಬ ಹಳೆಯ ನಂಬಿಕೆಯಿದೆ. ಆ ನಂಬಿಕೆಗೆ ಬಲಿಯಾದ ಹೆಣ್ಣುಮಕ್ಕಳೂ ಗಂಡುಮಕ್ಕಳೂ ಊರೂರಿಗೂ ಇದ್ದಾರೆ. ಗಾದೆಯೆಂದರೆ ಒಂದೇ ಸಾಲಿನ ಕಥೆ. ಸಾಲು ಸಣ್ಣದು, ಆದರೆ ನಾಲಿಗೆಯ ಮೇಲೆ ನೂರಾರು ವರ್ಷ ಉಳಿಯುತ್ತದೆ.

ಒಂದು ಸಾಲಿನ ಕಥೆಗೇ ಇಷ್ಟು ಬಲವಿದ್ದರೆ ಮಹಾಕಾವ್ಯ, ಕಾದಂಬರಿ, ನಾಟಕಗಳಿಗೆ ಎಷ್ಟಿರಬೇಡ! ಮನಸ್ಸಿನ ಕಾಯಿಲೆ, ಬೇರೆ ಬಗೆಯಲ್ಲಿ ಯೋಚಿಸುವ ಮಿದುಳು, ಬೇರೆ ರೀತಿಯ ದೇಹ ಇವನ್ನು ಸಾಹಿತ್ಯ ಹೇಗೆ ಚಿತ್ರಿಸಿದೆ ಎಂದು ನೋಡುವುದು ಈ ಲೇಖನದ ಉದ್ದೇಶ. ಹೆಚ್ಚಿನ ಉದಾಹರಣೆಗಳು ಕನ್ನಡದವು. ಕೆಲವು ನಮ್ಮ ಮಕ್ಕಳು ಇಲ್ಲಿ ಅಮೆರಿಕೆಯಲ್ಲಿ ಓದುವ ಇಂಗ್ಲಿಷ್ ಪುಸ್ತಕಗಳವು. ಎಲ್ಲಕ್ಕೂ ಕೇಳುವ ಪ್ರಶ್ನೆ ಒಂದೇ: ಕಥೆ ಮುಗಿದಾಗ ಆ ವ್ಯಕ್ತಿಗೆ ನಮ್ಮ ನಡುವೆ ಬದುಕಲು ಜಾಗ ಉಳಿದಿದೆಯೇ?

ನಾಲ್ಕು ಸುಲಭದ ದಾರಿಗಳು

ಬಹಳಷ್ಟು ಕಥೆಗಳಲ್ಲಿ ಆ ಜಾಗ ಉಳಿಯುವುದಿಲ್ಲ. ಕಥೆಗಾರನಿಗೆ ನಾಲ್ಕು ಸುಲಭದ ದಾರಿಗಳಿವೆ.

ಮೊದಲನೆಯದು, ದೇಹದ ವಕ್ರತೆಯನ್ನು ಮನಸ್ಸಿನ ವಕ್ರತೆಯ ಗುರುತಾಗಿಸುವುದು. ಗೂನುಬೆನ್ನಿನ ಮಂಥರೆ ನಮಗೆಲ್ಲ ಗೊತ್ತು. ಇಂಗ್ಲಿಷಿನಲ್ಲಿ ಶೇಕ್ಸ್‌ಪಿಯರ್‌ನ ಮೂರನೆಯ ರಿಚರ್ಡ್ ಅಂಥವನು. ಗೂನುಬೆನ್ನು, ಒಣಗಿದ ಕೈ, ಕುಂಟು ಕಾಲು, ಜೊತೆಗೆ ಕೊಲೆಗಡುಕ ಬುದ್ಧಿ. ನಿಜವಾದ ರಿಚರ್ಡನ ಅಸ್ಥಿಪಂಜರ 2012ರಲ್ಲಿ ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ಒಂದು ಕಾರ್ ಪಾರ್ಕಿಂಗ್ ಜಾಗದ ಕೆಳಗೆ ಸಿಕ್ಕಿತು. ಪರೀಕ್ಷಿಸಿದಾಗ ಬೆನ್ನುಮೂಳೆ ಪಕ್ಕಕ್ಕೆ ಬಾಗಿದ್ದದ್ದು ನಿಜವೆಂದು ತಿಳಿಯಿತು. ಆದರೆ ಕೈ ಒಣಗಿರಲಿಲ್ಲ, ಕುಂಟನಾಗಿದ್ದ ಎನ್ನಲು ಆಧಾರವಿರಲಿಲ್ಲ. ಅಳತೆಗೆ ಹೊಲಿದ ಉಡುಪು ತೊಟ್ಟರೆ ಬೆನ್ನಿನ ಬಾಗು ಕೂಡ ಅಷ್ಟಾಗಿ ಕಾಣುತ್ತಿರಲಿಲ್ಲ ಎಂದು 2014ರಲ್ಲಿ ಸಂಶೋಧಕರು ಬರೆದರು. ಉಳಿದದ್ದನ್ನೆಲ್ಲ ಸೇರಿಸಿದ್ದು ಕಥೆ. ನಮ್ಮ ಶಕುನಿಯೂ ಹಾಗೆಯೇ. 1988ರಲ್ಲಿ ಆರಂಭವಾದ ಟೀವಿ ಮಹಾಭಾರತ ನೋಡಿ ಬೆಳೆದ ನನ್ನ ತಲೆಮಾರಿಗೆ ಅವನು ಕುಂಟುತ್ತಲೇ ನಡೆಯುತ್ತಾನೆ. ವ್ಯಾಸಭಾರತದ ಶಕುನಿ ಕುಂಟನಲ್ಲ.

ಎರಡನೆಯದು ನಗೆ. ತೊದಲು, ಕಿವುಡು, ಮೆಳ್ಳೆಗಣ್ಣು ಇವುಗಳನ್ನು ನಮ್ಮ ನಾಟಕ, ಸಿನಿಮಾಗಳು ಎಷ್ಟು ಸಲ ಹಾಸ್ಯಕ್ಕೆ ಬಳಸಿಕೊಂಡಿವೆಯೋ ಲೆಕ್ಕವಿಲ್ಲ. ನಮ್ಮ ಹಬ್ಬದ ಕಾರ್ಯಕ್ರಮಗಳ ಕಿರುನಾಟಕಗಳಲ್ಲೂ ಅದು ಆಗಾಗ ತಲೆಹಾಕುತ್ತದೆ.

ಮೂರನೆಯದು ಪವಾಡ. ಮಹಾಭಾರತದ ವನಪರ್ವದಲ್ಲಿ ಅಷ್ಟಾವಕ್ರನ ಕಥೆ ಬರುತ್ತದೆ. ಗರ್ಭದಲ್ಲಿದ್ದಾಗಲೇ ತಂದೆಯ ವೇದಪಾಠದಲ್ಲಿ ತಪ್ಪು ಹಿಡಿದು, ಶಾಪಗ್ರಸ್ತನಾಗಿ, ಎಂಟು ಕಡೆ ಡೊಂಕಾಗಿ ಹುಟ್ಟಿದ ಹುಡುಗ. ಚಿಕ್ಕ ವಯಸ್ಸಿನಲ್ಲೇ ಜನಕರಾಜನ ಯಜ್ಞಶಾಲೆಯಲ್ಲಿ ವಾದ ಮಾಡಿ ಗೆದ್ದು ತಂದೆಯನ್ನು ಬಿಡಿಸಿಕೊಂಡು ಬರುತ್ತಾನೆ. ಇಷ್ಟರಲ್ಲೇ ಮುಗಿದಿದ್ದರೆ ಎಂಥ ಕಥೆ! ಆದರೆ ಮುಂದೆ ತಂದೆಯ ಮಾತಿನಂತೆ ಸಮಂಗಾ ನದಿಯಲ್ಲಿ ಮುಳುಗಿ ಏಳುತ್ತಾನೆ, ಅಂಗಾಂಗಗಳೆಲ್ಲ ನೆಟ್ಟಗಾಗುತ್ತವೆ. ಭಾಗವತದಲ್ಲಿ ಮಥುರೆಯ ಕುಬ್ಜೆಯನ್ನೂ ಕೃಷ್ಣ ನೆಟ್ಟಗೆ ಮಾಡುತ್ತಾನೆ. ಭಕ್ತಿಯ ದೃಷ್ಟಿಯಿಂದ ಇವುಗಳ ಅರ್ಥ ಬೇರೆ, ಅದನ್ನು ಅಲ್ಲಗಳೆಯುತ್ತಿಲ್ಲ. ಆದರೆ ಗಾಲಿಕುರ್ಚಿಯಲ್ಲಿ ಕೂತ ಮಗುವೊಂದು ಇದೇ ಕಥೆ ಕೇಳಿದರೆ ಏನನ್ನಿಸೀತು? "ಒಳ್ಳೆಯವನಾದರೆ ನೆಟ್ಟಗಾಗುತ್ತೇನೆ. ನಾನಿನ್ನೂ ನೆಟ್ಟಗಾಗಿಲ್ಲ, ಹಾಗಾದರೆ?"

ನಾಲ್ಕನೆಯದು ಸಾವು. ಇಲ್ಲಿನ ಅನೇಕ ಹೈಸ್ಕೂಲುಗಳಲ್ಲಿ ಓದಿಸುವ 'ಆಫ್ ಮೈಸ್ ಆ್ಯಂಡ್ ಮೆನ್' (1937) ಕಾದಂಬರಿಯ ಲೆನ್ನಿ ಬುದ್ಧಿ ಬೆಳೆಯದ, ದೈತ್ಯ ಬಲದ, ಮೃದು ಮನಸ್ಸಿನ ಆಳು. ಕೊನೆಗೆ ಗೆಳೆಯ ಜಾರ್ಜನೇ ಅವನನ್ನು ಗುಂಡಿಟ್ಟು ಕೊಲ್ಲುತ್ತಾನೆ, ಅದೂ ಕರುಣೆಯಿಂದ. ಸ್ಟೈನ್‌ಬೆಕ್ ದೊಡ್ಡ ಲೇಖಕ, ಪುಸ್ತಕವೂ ದೊಡ್ಡದು. ಆದರೂ ಓದಿ ಮುಗಿಸಿದ ಮಗನನ್ನು ಕೇಳಬಹುದಾದ ಪ್ರಶ್ನೆಯೊಂದಿದೆ: "ಅಂಥವನಿಗೆ ಸಾವೇ ಸುಖ ಅಂತ ನಮಗೆ ಯಾಕೆ ಅಷ್ಟು ಬೇಗ ಅನ್ನಿಸಿಬಿಡುತ್ತೆ?"

ಮಂಥರೆಗೆ ಕುವೆಂಪು ಕೊಟ್ಟ ನ್ಯಾಯ

ಈ ಸುಲಭದ ದಾರಿಗಳನ್ನು ಒಲ್ಲೆನೆಂದ ಲೇಖಕರು ಕನ್ನಡದಲ್ಲಿದ್ದಾರೆ ಎನ್ನುವುದು ನಮ್ಮ ಭಾಗ್ಯ. 1967ರ ಜ್ಞಾನಪೀಠ ಪ್ರಶಸ್ತಿ ತಂದುಕೊಟ್ಟ 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯದಲ್ಲಿ ಕುವೆಂಪು ಅವರು ಮಂಥರೆಗಾಗಿಯೇ ಒಂದು ಸಂಚಿಕೆಯನ್ನು ಮೀಸಲಿಟ್ಟರು. ಅಲ್ಲಿ ಮಂಥರೆ ಹುಟ್ಟು ದುಷ್ಟೆಯಲ್ಲ. ಕುರೂಪಿಯೆಂದು ಎಲ್ಲರಿಂದಲೂ ತಿರಸ್ಕಾರ ಉಂಡವಳು. ಜಗತ್ತಿನಲ್ಲಿ ಆಕೆಗೆ ಪ್ರೀತಿ ಸಿಕ್ಕಿದ್ದು ಕೈಕೇಯಿಯಿಂದ, ಆಮೇಲೆ ಭರತನಿಂದ. ಆ ಮಮತೆಯ ಅತಿರೇಕವೇ ಅನಾಹುತಕ್ಕೆ ಕಾರಣವಾಗುತ್ತದೆ. ಅವಳ ತಪ್ಪು ತಪ್ಪಾಗಿಯೇ ಉಳಿಯುತ್ತದೆ. ಆದರೆ ಅದರ ಬೇರು ಅವಳ ಬೆನ್ನಿನ ಗೂನಿನಲ್ಲಿಲ್ಲ, ಸುತ್ತಲಿನವರು ಆ ಗೂನನ್ನು ನೋಡಿದ ರೀತಿಯಲ್ಲಿದೆ. ವಾಲ್ಮೀಕಿಯಿಂದ ಬಂದ ಪಾತ್ರವನ್ನು ಒಬ್ಬ ಕನ್ನಡ ಕವಿ ಹೀಗೆ ತಿರುಗಿಸಿ ನೋಡಿದ್ದನ್ನು ನಮ್ಮ ಮಕ್ಕಳಿಗೆ ಹೇಳಲೇಬೇಕು.

ವಾಸಿಯಾದ ಮೇಲೆ

ಈಗ ತ್ರಿವೇಣಿಯವರ 'ಶರಪಂಜರ'ಕ್ಕೆ ಬರೋಣ. ತ್ರಿವೇಣಿ (ಅನಸೂಯಾ ಶಂಕರ್, 1928-1963) ಮೈಸೂರಿನಲ್ಲಿ ಮನಃಶಾಸ್ತ್ರ ಓದಿದವರು. ಬದುಕಿದ್ದು ಮೂವತ್ತನಾಲ್ಕೇ ವರ್ಷ. ಮನಸ್ಸಿನ ಕಾಯಿಲೆ ಎಂದರೆ ದೆವ್ವ, ಮಾಟ, ಗ್ರಹಚಾರ ಎಂದು ಜನ ನಂಬಿದ್ದ ಕಾಲದಲ್ಲಿ, ಅದು ಕಾಯಿಲೆ, ಅದಕ್ಕೆ ಔಷಧವಿದೆ ಎಂದು ಕನ್ನಡದ ಹೆಣ್ಣುಮಕ್ಕಳಿಗೆ ಅಡುಗೆಮನೆಯ ಮಾತಿನಷ್ಟು ಸರಳವಾಗಿ ಹೇಳಿದವರು.

'ಶರಪಂಜರ'ದ ಕಾವೇರಿ ವಿದ್ಯಾವಂತೆ, ಸುಖೀ ಗೃಹಿಣಿ. ಗಂಡ ಸತೀಶ ಪ್ರೀತಿಸಿ ಮದುವೆಯಾದವನು. ಎರಡನೆಯ ಹೆರಿಗೆಯ ನಂತರ ಅವಳ ಮನಸ್ಸಿನ ಹತೋಟಿ ತಪ್ಪುತ್ತದೆ. ಮಾನಸಿಕ ಆಸ್ಪತ್ರೆಗೆ ಸೇರಿಸುತ್ತಾರೆ. ಚಿಕಿತ್ಸೆ ಫಲಿಸುತ್ತದೆ, ಅವಳು ಗುಣಮುಖಳಾಗಿ ಮನೆಗೆ ಬರುತ್ತಾಳೆ. ಮಾಮೂಲಿ ಕಥೆಯಾಗಿದ್ದರೆ ಇಲ್ಲಿಗೆ ಶುಭಂ. ತ್ರಿವೇಣಿಯವರ ಕಥೆ ನಿಜವಾಗಿ ಬಿಗಿಯಾಗುವುದೇ ಇಲ್ಲಿಂದ ಮುಂದೆ.

ಕಾವೇರಿ ವಾಸಿಯಾಗಿದ್ದಾಳೆ, ಮನೆ ವಾಸಿಯಾಗಿಲ್ಲ. ಗಂಡ ದೂರ ಸರಿದಿದ್ದಾನೆ. ಅವಳ ಕೈಗೆ ಮಗುವನ್ನು ಕೊಡಲು ಹಿಂಜರಿಕೆ. ನೆಂಟರಿಗೆ, ನೆರೆಯವರಿಗೆ ಅವಳು ಇನ್ನೂ 'ಆಸ್ಪತ್ರೆಯಿಂದ ಬಂದವಳು'. ಜೋರಾಗಿ ನಕ್ಕರೆ ಅನುಮಾನ, ಸುಮ್ಮನಿದ್ದರೆ ಅನುಮಾನ. ಎಲ್ಲ ಹೆಂಗಸರಿಗೂ ಬರುವ ಸಿಟ್ಟು ಅವಳಿಗೆ ಬಂದರೆ 'ಮತ್ತೆ ಶುರುವಾಯಿತು' ಎನ್ನುವ ಪಿಸುಮಾತು. ಒಮ್ಮೆ ಕೆಟ್ಟ ಸರ್ವರ್ ಮೇಲೆ ನಾವು ಹಗಲೂ ರಾತ್ರಿ ನಿಗಾ ಇಟ್ಟು ಪ್ರತಿಯೊಂದನ್ನೂ ದಾಖಲಿಸುತ್ತೇವಲ್ಲ, ಹಾಗೆ. ಸರ್ವರಿಗೆ ಅದು ತಿಳಿಯುವುದಿಲ್ಲ, ಮನುಷ್ಯರಿಗೆ ತಿಳಿಯುತ್ತದೆ. ಈ ನೋಟಗಳೇ ಶರಗಳು, ಈ ಪಿಸುಮಾತುಗಳೇ ಪಂಜರ. ಕೊನೆಗೆ ಕಾವೇರಿಯ ಮನಸ್ಸು ಮತ್ತೆ ಕುಸಿಯುತ್ತದೆ.

ಮುಂದೆ ಪುಟ್ಟಣ್ಣ ಕಣಗಾಲ್ ಇದನ್ನು ಸಿನಿಮಾ ಮಾಡಿದರು. ಕಲ್ಪನಾ ಅವರ ಕಾವೇರಿಯನ್ನು ನೋಡಿದ ಯಾರೂ ಮರೆತಿರಲಾರರು. ನಮ್ಮ ಅಮ್ಮಂದಿರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ನೋಡಿದ ಆ ಚಿತ್ರಕ್ಕೆ ಶ್ರೇಷ್ಠ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂತು. 1972ರಲ್ಲಿ ಬ್ರಿಟನ್ನಿನಲ್ಲಿ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು ಒಂದು ಮುಖ್ಯ ಸಂಶೋಧನೆ ಪ್ರಕಟಿಸಿದರು. ಸ್ಕಿಜೋಫ್ರೀನಿಯಾದಿಂದ ಚೇತರಿಸಿಕೊಂಡು ಮನೆಗೆ ಮರಳಿದವರಲ್ಲಿ ಕಾಯಿಲೆ ಮರುಕಳಿಸುವುದಕ್ಕೂ, ಮನೆಯವರ ಟೀಕೆ, ಹಗೆತನ, ಅತಿಯಾದ ಆತಂಕಗಳಿಗೂ ಸಂಬಂಧವಿದೆ ಎಂಬುದು ಅದರ ಸಾರ. ಮನೆಯವರೇ ಕಾಯಿಲೆ ತರುತ್ತಾರೆ ಎಂದು ಇದರ ಅರ್ಥವಲ್ಲ. ಕಾವೇರಿಯ ಕಾಯಿಲೆಯೂ ಬೇರೆ. ಆದರೆ ವಾಸಿಯಾದವರು ವಾಸಿಯಾಗಿಯೇ ಉಳಿಯಲು ಮಾತ್ರೆಯ ಜೊತೆಗೆ ಮನೆಯ ವಾತಾವರಣವೂ ಬೇಕು ಎಂಬುದನ್ನು ಮೈಸೂರಿನ ಕಾದಂಬರಿಕಾರ್ತಿಯೊಬ್ಬರು ಕಥೆಯಾಗಿಸಿದ್ದರು.

ಕಾವೇರಿಗೆ ಬಂದಂಥ ಹೆರಿಗೆಯ ನಂತರದ ತೀವ್ರ ಮನೋವಿಕಾರ ಸಾವಿರ ಹೆರಿಗೆಗಳಲ್ಲಿ ಒಬ್ಬಿಬ್ಬರಿಗೆ ಬರುತ್ತದೆ, ಹೆಚ್ಚಾಗಿ ಮೊದಲ ಎರಡು ವಾರಗಳಲ್ಲಿ. ಅದು ತುರ್ತುಸ್ಥಿತಿ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಚಿಕಿತ್ಸೆಯಿಂದ ಬಹುಪಾಲು ತಾಯಂದಿರು ಚೇತರಿಸಿಕೊಳ್ಳುತ್ತಾರೆ. ತಾಯಿ ಮಗುವನ್ನು ಅಗಲಿಸದೆ ಚಿಕಿತ್ಸೆ ಕೊಡಲೆಂದು ಬೆಂಗಳೂರಿನ ನಿಮ್ಹಾನ್ಸ್ 2009ರಲ್ಲಿ ಪ್ರತ್ಯೇಕ ವಿಭಾಗವನ್ನೇ ತೆರೆಯಿತು. ಹೆರಿಗೆಗೆಂದು ಊರಿನಿಂದ ಬರುವ ಅಮ್ಮ, ಅತ್ತೆ ಬಾಣಂತನವನ್ನು ಬಲು ಮುತುವರ್ಜಿಯಿಂದ ಮಾಡುತ್ತಾರೆ. ಅಂಟಿನುಂಡೆ, ಎಣ್ಣೆನೀರು, ಸಾಂಬ್ರಾಣಿ ಹೊಗೆ ಎಲ್ಲ ಸರಿ. ಜೊತೆಗೆ "ನಿದ್ದೆ ಬರ್ತಿದೆಯೇನಮ್ಮಾ? ಮನಸ್ಸಿಗೆ ಹೇಗಿದೆ?" ಎಂಬ ಪ್ರಶ್ನೆಯೂ ಇರಲಿ.

ಮಂದಣ್ಣ ದಡ್ಡನೇ?

ಕಾಯಿಲೆಯಲ್ಲದ, ಆದರೆ ಎಲ್ಲರಂತಿಲ್ಲದ ಮನಸ್ಸುಗಳೂ ಇವೆ. ಆಟಿಸಂ, ಡಿಸ್ಲೆಕ್ಸಿಯಾ ಮುಂತಾದವನ್ನು ಮಿದುಳಿನ ಸಹಜ ವೈವಿಧ್ಯವೆಂದು ನೋಡುವ ದೃಷ್ಟಿಗೆ ಇಂಗ್ಲಿಷಿನಲ್ಲಿ 'ನ್ಯೂರೋಡೈವರ್ಸಿಟಿ' ಎಂಬ ಹೆಸರು ಚಾಲ್ತಿಗೆ ಬಂದದ್ದು 1990ರ ದಶಕದ ಕೊನೆಯಲ್ಲಿ. ಅದಕ್ಕೂ ಮುಂಚೆ, 1980ರಲ್ಲಿ, ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಬಂತು. ಅದರ ಮಂದಣ್ಣನನ್ನು ನೆನಪಿಸಿಕೊಳ್ಳಿ. ಊರಿನವರ ಪಾಲಿಗೆ ಅವನೊಬ್ಬ ಪೆದ್ದ, ಜೇನು ಹುಡುಕಿಕೊಂಡು ಕಾಡು ಅಲೆಯುವ ನಿರುದ್ಯೋಗಿ. ಕಥೆ ಹೇಳುವವರಿಗೂ ಮೊದಮೊದಲು ಹಾಗೆಯೇ ಕಾಣುತ್ತಾನೆ. ಆದರೆ ವಿಜ್ಞಾನಿ ಕರ್ವಾಲೊ ಅವನಲ್ಲಿ ಹುಟ್ಟು ನಿಸರ್ಗತಜ್ಞನನ್ನು ಕಾಣುತ್ತಾರೆ. ಎಲ್ಲರೂ ನೋಡಿಯೂ ನೋಡದ್ದನ್ನು ಅವನು ನೋಡಬಲ್ಲ. ಹಾರುವ ಓತಿಯನ್ನು ಅರಸಿ ಹೊರಟ ತಂಡಕ್ಕೆ ಮಂದಣ್ಣನಿಲ್ಲದೆ ಕಾಡು ತೆರೆದುಕೊಳ್ಳುವುದಿಲ್ಲ.

ಮಂದಣ್ಣನಿಗೆ ತೇಜಸ್ವಿ ಯಾವ ವೈದ್ಯಕೀಯ ಹೆಸರನ್ನೂ ಅಂಟಿಸಿಲ್ಲ, ನಾವೂ ಅಂಟಿಸುವುದು ಬೇಡ. ಗಮನಿಸಬೇಕಾದದ್ದು ಇಷ್ಟು: ಅವನು ಬದಲಾಗುವುದಿಲ್ಲ, ಅವನನ್ನು ನೋಡುವ ಕಣ್ಣು ಬದಲಾಗುತ್ತದೆ.

ಈ ಪುಸ್ತಕದ ಜೊತೆಗೆ ಮಾರ್ಕ್ ಹ್ಯಾಡನ್ 2003ರಲ್ಲಿ ಬರೆದ 'ದಿ ಕ್ಯೂರಿಯಸ್ ಇನ್ಸಿಡೆಂಟ್ ಆಫ್ ದಿ ಡಾಗ್ ಇನ್ ದಿ ನೈಟ್-ಟೈಮ್' ಕಾದಂಬರಿಯನ್ನು ಮಕ್ಕಳೊಂದಿಗೆ ಓದಬಹುದು. ಅದರ ಕಥೆಯನ್ನು ಹದಿನೈದು ವರ್ಷದ ಕ್ರಿಸ್ಟೋಫರ್ ತಾನೇ ಹೇಳುತ್ತಾನೆ. ಬೇರೆಯವರು ಅವನ ಬಗ್ಗೆ ಹೇಳುವುದಕ್ಕೂ, ಅವನೇ ತನ್ನ ಲೋಕವನ್ನು ತೋರಿಸುವುದಕ್ಕೂ ಎಷ್ಟು ವ್ಯತ್ಯಾಸ! ಆದರೆ ಒಂದು ಎಚ್ಚರಿಕೆ ಬೇಕು. ಕ್ರಿಸ್ಟೋಫರ್ ಗಣಿತದಲ್ಲಿ ಭಾರಿ ಜಾಣ. ಇಂಥ ಕಥೆಗಳನ್ನು ಓದಿದ ನಾವು, ಅದರಲ್ಲೂ ಇಂಜಿನಿಯರುಗಳು, ಆಟಿಸಂ ಇರುವ ಮಗುವನ್ನು ಕಂಡ ಕೂಡಲೆ "ಗಣಿತದಲ್ಲಿ ಜೀನಿಯಸ್ ಇರಬೇಕು ಅಲ್ವಾ?" ಎಂದು ಕೇಳಿಬಿಡುತ್ತೇವೆ. ಬಹಳ ಮಕ್ಕಳು ಹಾಗಿರುವುದಿಲ್ಲ. ಅವರಿಗೆ ಗೌರವ ಸಿಗಲು ಪವಾಡ ಮಾಡಿ ತೋರಿಸಬೇಕಾಗಿಲ್ಲ.

ಪೂರ್ಣತೆ ಎಂದರೇನು?

ಗಿರೀಶ ಕಾರ್ನಾಡರ 'ಹಯವದನ' (1971) ನಾಟಕ ಇದೇ ವಿಷಯವನ್ನು ಬುಡದಿಂದ ಅಲುಗಾಡಿಸುತ್ತದೆ. ಆರಂಭ ಗಣೇಶನ ಸ್ತುತಿಯಿಂದ. ಆನೆಯ ತಲೆ, ಮುರಿದ ದಂತ, ಡೊಳ್ಳು ಹೊಟ್ಟೆ. ಮನುಷ್ಯರ ಅಳತೆಗೋಲಿನಲ್ಲಿ ಒಂದೂ ಸರಿಯಿಲ್ಲದ ದೇಹ. ಆದರೂ ಅವನೇ ವಿಘ್ನನಾಶಕ, ಅವನಿಗೇ ಮೊದಲ ಪೂಜೆ. ಆಮೇಲೆ ಒಬ್ಬನ ತಲೆ ಇನ್ನೊಬ್ಬನ ದೇಹಕ್ಕೆ ಸೇರಿ, ಬುದ್ಧಿ ಮತ್ತು ಬಲ ಎರಡೂ ಉಳ್ಳ ಪೂರ್ಣಪುರುಷ ಸಿಕ್ಕಿದನೆಂದು ಪದ್ಮಿನಿ ಸಂತೋಷಪಡುತ್ತಾಳೆ. ಆ ಪೂರ್ಣತೆ ಹೆಚ್ಚು ದಿನ ಬಾಳುವುದಿಲ್ಲ. ಕುದುರೆಯ ತಲೆಯ ಹಯವದನ ಪೂರ್ಣನಾಗಬೇಕೆಂದು ಬೇಡಿ ಪೂರ್ಣ ಕುದುರೆಯೇ ಆಗಿಬಿಡುತ್ತಾನೆ. ಗಣೇಶ ಚತುರ್ಥಿಯಂದು ಮಕ್ಕಳಿಗೆ ಇಷ್ಟು ಹೇಳಿದರೂ ಸಾಕು: ನಾವು ಮೊದಲು ಪೂಜಿಸುವ ದೇವರ ದೇಹ ಯಾರಂತೆಯೂ ಇಲ್ಲ.

"ಅಯ್ಯೋ ಪಾಪ" ಸಾಕೇ?

ಈ ಸ್ಮರಣ ಸಂಚಿಕೆಯನ್ನು ಕೊಂಡು ನೀವು ಒಂದು ಸತ್ಕಾರ್ಯಕ್ಕೆ ನೆರವಾಗಿದ್ದೀರಿ. ಆದ್ದರಿಂದ ಒಂದು ಮಾತನ್ನು ಸಲಿಗೆಯಿಂದ ಹೇಳುತ್ತೇನೆ. ಸಹಾಯಾರ್ಥ ಕಾರ್ಯಕ್ರಮಗಳೂ ಕಥೆ ಹೇಳುತ್ತವೆ. ಕಣ್ಣೀರು ತರಿಸುವ ಮಗುವಿನ ಚಿತ್ರ ಹಾಕಿದರೆ ಚೆಕ್ಕುಗಳು ಬೇಗ ಬರುತ್ತವೆ ಎಂಬುದು ನಿಜ. ಆದರೆ ಅದೇ ಮಗು ಬೆಳೆದು, ಓದಿ, ಒಂದು ದಿನ ಆ ಪುಟವನ್ನು ನೋಡಿದರೆ? ಧೃತರಾಷ್ಟ್ರನಿಗೆ ಕುರುಡನೆಂಬ ಕಾರಣಕ್ಕೆ ಹಿರಿಯನಾದರೂ ಪಟ್ಟ ತಪ್ಪಿತು. ಗದಗದ ಪಂಚಾಕ್ಷರಿ ಗವಾಯಿಗಳೂ (1892-1944), ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ (1914-2010) ಕಣ್ಣು ಕಾಣದವರೇ. ವೀರೇಶ್ವರ ಪುಣ್ಯಾಶ್ರಮದಲ್ಲಿ ಅವರು ಅಂಧ ಮಕ್ಕಳಿಗೆ ಅನ್ನದ ಜೊತೆಗೆ ಸಂಗೀತ ವಿದ್ಯೆಯನ್ನೂ ಕೊಟ್ಟರು. ಅಲ್ಲಿಂದ ಹೊರಬಂದ ಹಾಡುಗಾರರನ್ನು ನಾವು "ಪಾಪ" ಎಂದು ಕೇಳುವುದಿಲ್ಲ, "ಭಲೇ" ಎಂದು ಕೇಳುತ್ತೇವೆ. ನಮ್ಮ ದೇಣಿಗೆಯೂ ಹೀಗೆ ಒಬ್ಬರ ಕೈಗೆ ವಿದ್ಯೆ, ಉದ್ಯೋಗ ಕೊಡುವಂತಿದ್ದರೆ ಲೇಸು.

ಪದಗಳೂ ಬದಲಾಗುತ್ತ ಬಂದಿವೆ. ಭಾರತದಲ್ಲಿ 1912ರ ಕಾನೂನಿನ ಹೆಸರಿನಲ್ಲೇ ಹುಚ್ಚು ಎಂಬ ಅರ್ಥದ 'ಲೂನಸಿ' ಶಬ್ದವಿತ್ತು. 1987ರಲ್ಲಿ ಅದು ಮಾನಸಿಕ ಆರೋಗ್ಯ ಕಾಯ್ದೆಯಾಯಿತು, 2017ರಲ್ಲಿ ರೋಗಿಯ ಹಕ್ಕುಗಳನ್ನೇ ಮುಂದಿಟ್ಟ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಬಂತು. 1995ರ ಅಂಗವಿಕಲರ ಕಾಯ್ದೆಯಲ್ಲಿ ಏಳು ಬಗೆಯ ನ್ಯೂನತೆಗಳಿದ್ದವು. 2016ರ ಕಾಯ್ದೆಯಲ್ಲಿ ಅವು ಇಪ್ಪತ್ತೊಂದಾದವು, ಆಟಿಸಂ ಮತ್ತು ಕಲಿಕೆಯ ತೊಂದರೆಗಳೂ ಸೇರಿದವು. ಕಾನೂನು ಇಷ್ಟು ದೂರ ಬಂದಿರುವಾಗ ನಮ್ಮ ಮನೆಮಾತು 'ಲೂಸು', 'ಮೆಂಟ್ಲು' ಎಂಬಲ್ಲೇ ನಿಲ್ಲಬೇಕೇ?

ಮನೆಯಲ್ಲಿ ಮಾಡಬಹುದಾದ ಪಾಠ

ಮುಂದಿನ ಸಲ ಮಕ್ಕಳ ಜೊತೆ ಒಂದು ಕಥೆ ಓದಿದಾಗ, ಸಿನಿಮಾ ನೋಡಿದಾಗ ಈ ಐದು ಪ್ರಶ್ನೆಗಳನ್ನು ಕೇಳಿ ನೋಡಿ.

1. ಈ ವ್ಯಕ್ತಿ ಕೆಟ್ಟವನೆಂದು ತೋರಿಸಲು ಅವನ ದೇಹವನ್ನು ಬಳಸಿಕೊಂಡಿದ್ದಾರೆಯೇ?
2. ನಾವು ನಗುತ್ತಿರುವುದು ಅವನ ಮಾತಿಗೋ, ಅವನ ತೊದಲಿಗೋ?
3. ಕಥೆ ಹೇಳುತ್ತಿರುವವರು ಯಾರು? ಆ ವ್ಯಕ್ತಿಗೆ ತನ್ನ ಮಾತಿದೆಯೇ?
4. ಕೊನೆಗೆ ಅವನು ಪವಾಡದಿಂದ ಸರಿಹೋಗಬೇಕಾಯಿತೇ, ಸಾಯಬೇಕಾಯಿತೇ?
5. ಇಲ್ಲವಾದರೆ, ಸುತ್ತಲಿನವರು ಏನು ಬದಲಾಯಿಸಿಕೊಂಡರು?

ಉತ್ತರ ಸರಿಯೋ ತಪ್ಪೋ ಎನ್ನುವುದಕ್ಕಿಂತ, ಊಟದ ಮೇಜಿನ ಮೇಲೆ ಈ ಮಾತು ನಡೆಯುವುದೇ ದೊಡ್ಡದು. ನಮ್ಮ ಸಮುದಾಯದಲ್ಲಿ ಮಗನಿಗೆ ಡಯಾಬಿಟಿಸ್ ಎಂದು ಹೇಳುತ್ತೇವೆ, ಡಿಪ್ರೆಶನ್ ಎಂದು ಹೇಳುವುದಿಲ್ಲ. ಶಾಲೆಯಲ್ಲಿ ವಿಶೇಷ ಪಾಠದ ವ್ಯವಸ್ಥೆಗೆ ಸಹಿ ಹಾಕುತ್ತೇವೆ, ಊರಿನ ಅಜ್ಜಿ ತಾತನಿಂದ ಮುಚ್ಚಿಡುತ್ತೇವೆ. ಮುಚ್ಚಿಡುವುದನ್ನು ನೋಡುತ್ತ ಬೆಳೆದ ಮಗು ತನಗೆ ಕಷ್ಟ ಬಂದಾಗ ತಾನೂ ಮುಚ್ಚಿಡುತ್ತದೆ. ಕಥೆಯ ಪಾತ್ರದ ಬಗ್ಗೆ ಅಪ್ಪ ಅಮ್ಮ ಸಮಾಧಾನದಿಂದ ಮಾತಾಡಿದ್ದನ್ನು ಕೇಳಿದ ಮಗುವಿಗೆ ತನ್ನ ಬಗ್ಗೆ ಬಾಯಿಬಿಡಲು ಧೈರ್ಯ ಬರುತ್ತದೆ. ತೀರಾ ಸಂಕಟದ ಹೊತ್ತಿನಲ್ಲಿ ಅಮೆರಿಕೆಯಲ್ಲಿ 988ಕ್ಕೆ, ಭಾರತದಲ್ಲಿ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಎರಡೂ 2022ರಲ್ಲಿ ಆರಂಭವಾದವು, ಯಾವ ಹೊತ್ತಿನಲ್ಲಾದರೂ ಸಿಗುತ್ತವೆ.

ಕಡೆಯದಾಗಿ, ಶೀರ್ಷಿಕೆಯ ಪ್ರಶ್ನೆ. ಮುಂದಿನ ಯುಗಾದಿ ಊಟಕ್ಕೆ ಕಾವೇರಿ ನಮ್ಮ ಮನೆಗೆ ಬಂದಳೆಂದುಕೊಳ್ಳಿ. ಆಸ್ಪತ್ರೆಯಿಂದ ಬಂದು ಮೂರು ತಿಂಗಳಾಗಿದೆ. ಹೆಂಗಸರೆಲ್ಲ ಒಂದು ಕ್ಷಣ ಮಾತು ನಿಲ್ಲಿಸುತ್ತಾರೋ, ಇಲ್ಲವೋ? ಅವಳ ಕಡೆ ನೋಡಿ ಮೆಲ್ಲಗೆ "ಈಗ ಹೇಗಿದೀರಿ?" ಎಂದು ಕೇಳುತ್ತೇವೋ, ಅಥವಾ "ಬನ್ನಿ ಕಾವೇರಿ, ಹೋಳಿಗೆ ತಟ್ಟೋಕೆ ಒಂದು ಕೈ ಕಮ್ಮಿಯಿದೆ, ಆ ಪಾಪುವನ್ನೂ ಸ್ವಲ್ಪ ಎತ್ತಿಕೊಳ್ಳಿ" ಎನ್ನುತ್ತೇವೋ? ತ್ರಿವೇಣಿಯವರ ಕಥೆಯನ್ನು ಬದಲಾಯಿಸುವುದು ನಮ್ಮ ಕೈಯಲ್ಲಿಲ್ಲ. ನಮ್ಮ ಅಡುಗೆಮನೆಯಲ್ಲಿ ಅದು ಬೇರೆ ರೀತಿ ಮುಗಿಯುವಂತೆ ನೋಡಿಕೊಳ್ಳಬಹುದು. ಏನಂತೀರಿ?